ಎಣ್ಣೆ ಬಿಟ್ಟಾಯ್ತು, ಸಂಜೆ ಏಳಕ್ಕೆ ಎಲ್ಲಿಗೆ ಹೋಗೋದು?

ಕುಡಿತ ಬಿಟ್ಟವರನ್ನು ಊರವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಕುಡೀಬೇಕು ಅನ್ಸಲ್ವಾ?" ಬಿಟ್ಟವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ವಿಚಾರವೇ ಬೇರೆ. ಸಂಜೆಯಾದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಫೋನ್ ಬರುವುದು ನಿಂತುಹೋಗಿದೆ. ಹಳೆ ಗುಂಪು ಅದೇ ಜಾಗದಲ್ಲಿ ಸೇರುತ್ತದೆ, ನೀವು ಮಾತ್ರ ಅಲ್ಲಿಲ್ಲ.

ಹಾಸನ, ಚಿಕ್ಕಮಗಳೂರು ಕಡೆ ಬಹಳ ಗಂಡಸರ ಸಂಜೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ತೋಟದ ಕೆಲಸ ಮುಗಿಸಿ, ಡೈರಿಗೆ ಹಾಲು ಹಾಕಿ, ಪೇಟೆ ಕಡೆ ಹೋಗಿ ಒಂದು ಕ್ವಾರ್ಟರ್, ಜೊತೆಗೆ ನಾಲ್ಕು ಜನ. ಮೆಣಸಿನ ರೇಟು, ಆನೆ ಯಾರ ತೋಟಕ್ಕೆ ನುಗ್ಗಿತು, ಪಂಚಾಯ್ತಿಯಲ್ಲಿ ಯಾರು ನಿಲ್ಲುತ್ತಾರೆ, ಎಲ್ಲ ಸುದ್ದಿ ಸಿಗುವುದೂ ಅಲ್ಲೇ. ಎಣ್ಣೆ ಬಿಟ್ಟ ದಿನ ಇದಿಷ್ಟೂ ಒಟ್ಟಿಗೆ ಹೋಗುತ್ತದೆ. ಬಾಟಲಿ ಬಿಡುವುದಕ್ಕೆ ಆಸ್ಪತ್ರೆ ಇದೆ, ಮಾತ್ರೆ ಇದೆ. ಸಂಜೆಯ ಜೊತೆ ಕಳೆದುಕೊಂಡದ್ದಕ್ಕೆ ಯಾರೂ ಚೀಟಿ ಬರೆದುಕೊಡುವುದಿಲ್ಲ.

ನಾನೂ ಬಿಟ್ಟವನೇ. ಇರುವುದು ಹಾಸನದಲ್ಲಿ. ಹೊಸದಾಗಿ ಬಿಟ್ಟವರ ಜೊತೆ ಕೂತು ಮಾತಾಡುವುದು ಈಗ ನನ್ನ ದಿನಚರಿಯಲ್ಲಿ ಸೇರಿಹೋಗಿದೆ. ಅವರಿಗೆ ಹೇಳುವುದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಹೊತ್ತು ಕಳೆಯಲು ಏನೋ ಒಂದು ಕೆಲಸ ಹುಡುಕಿಕೊಂಡರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ನೀವು ಒಂದು ದಿನ ಕಾಣದಿದ್ದರೆ "ಯಾಕೆ ಬರಲಿಲ್ಲ?" ಅಂತ ಕೇಳುವ ಜನ ಇರುವ ಜಾಗ ಬೇಕು.

ಎಲ್ಲಕ್ಕಿಂತ ಮೊದಲು ಮೈ

ದಿನಾ ಜಾಸ್ತಿ ಕುಡಿಯುತ್ತಿದ್ದವರು ಡಾಕ್ಟರನ್ನು ಕೇಳದೆ ಮನೆಯಲ್ಲೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಕೊನೆಯ ಪೆಗ್ ಆದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಗಾಬರಿ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಇಲ್ಲದ ಮಾತು ಕೇಳಿಸುವುದು, ಎಲ್ಲಿದ್ದೇನೆ ಅಂತ ತಿಳಿಯದೆ ಕೂಗಾಡುವುದು ಆಗಬಹುದು. ನಮ್ಮ ಕಡೆ ಇದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಓಡುವವರು ಈಗಲೂ ಇದ್ದಾರೆ. ಇದು ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಔಷಧಿಯ ಜೊತೆ ಬಿ1 ಜೀವಸತ್ವವನ್ನೂ ಕೊಡುತ್ತಾರೆ.

ಆ ವಾರ ದಾಟಿದ ಮೇಲೂ ನಿದ್ದೆ ಸರಿಹೋಗಲು ಬಹಳ ವಾರ ಹಿಡಿಯಬಹುದು, ಕೆಲವರಿಗೆ ತಿಂಗಳುಗಟ್ಟಲೆ. ಮನಸ್ಸು ಮಂಕಾಗಿರುತ್ತದೆ, ಸಣ್ಣದಕ್ಕೂ ಅಳು ಬರುತ್ತದೆ. ಜಗತ್ತೇ ನಿಮ್ಮನ್ನು ಕೈಬಿಟ್ಟಿತು ಅನ್ನಿಸುವುದರಲ್ಲಿ ಅರ್ಧ ಪಾಲು ಇನ್ನೂ ಹದಕ್ಕೆ ಬಾರದ ಮೆದುಳಿನದು. ಈ ದಿನಗಳಲ್ಲಿ ಹೆಂಡತಿಯನ್ನು, ಊರನ್ನು, ಕೆಲಸವನ್ನು ಬಿಡುವ ದೊಡ್ಡ ತೀರ್ಮಾನ ಯಾವುದನ್ನೂ ಮಾಡಬೇಡಿ.

ಯಾವ ಹೊತ್ತು ಕಾಡುತ್ತದೆ ಅಂತ ಬರೆದಿಡಿ

ಒಂದು ವಾರ ಚೀಟಿಯಲ್ಲಿ ಗುರುತು ಹಾಕಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿದ್ದಿರಿ, ಹೊಟ್ಟೆ ಹಸಿದಿತ್ತಾ. "ದಿನಪೂರ್ತಿ ಒಬ್ಬಂಟಿ" ಅಂದವರೂ ಬರೆದು ನೋಡಿದರೆ ಅದು ಸಂಜೆ ಆರೂವರೆಯಿಂದ ಒಂಬತ್ತೂವರೆ ಅಂತ ಗೊತ್ತಾಗುತ್ತದೆ. ಎಸ್ಟೇಟಿನಲ್ಲಿ ಕೆಲಸ ಮಾಡುವವರಿಗೆ ಬಟವಾಡೆ ದಿನ. ಹಳ್ಳಿಯವರಿಗೆ ಸಂತೆ ದಿನ. ಪೇಟೆಯವರಿಗೆ ಭಾನುವಾರ ಮಟನ್ ಊಟಕ್ಕೆ ಮುಂಚೆ. ಯಾವ ಹೊತ್ತು ಅಂತ ತಿಳಿದರೆ ಅಷ್ಟಕ್ಕೆ ಮಾತ್ರ ದಾರಿ ಹುಡುಕಿದರಾಯಿತು.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು. ಅದರ ಮೀಟಿಂಗ್‌ಗಳಲ್ಲಿ ಹೇಳಿಕೊಡುವ ನಾಲ್ಕು ಮಾತಿದೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಎಣ್ಣೆ ನೆನಪಾದಾಗ ಈ ನಾಲ್ಕರಲ್ಲಿ ಯಾವುದಿದೆ ನೋಡಿಕೊಳ್ಳಬೇಕು. ಎಷ್ಟೋ ಸಲ ಒಂಟಿತನ ಅಂದುಕೊಂಡದ್ದು ಬರೀ ಹಸಿವಾಗಿರುತ್ತದೆ. ಹಾಗಾಗಿ ಆರು ಗಂಟೆಗೇ ಏನಾದರೂ ತಿನ್ನಿ. ಖಾರ ಮಂಡಕ್ಕಿ, ಬೇಯಿಸಿದ ಕಡಲೆಕಾಯಿ, ಎರಡು ಬಾಳೆಹಣ್ಣು, ಏನಾದರೂ ಸರಿ. ಆಸೆ ಏರಿ ಬಂದರೆ ಗಡಿಯಾರ ನೋಡಿ. ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಅದು ಇಳಿಯುತ್ತದೆ. ಆ ಅರ್ಧ ಗಂಟೆ ಯಾರ ಜೊತೆಗಾದರೂ ಮಾತಾಡುತ್ತಿರಿ.

ಕಾಫಿ ನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಎಣ್ಣೆ ಬಿಟ್ಟವರು ಕಾಫಿ ಲೋಟ ಕೆಳಗಿಡುವುದೇ ಇಲ್ಲ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಸಂಜೆ ಆರಕ್ಕೆ ಸ್ಟ್ರಾಂಗ್ ಕಾಫಿ ಕುಡಿದು ರಾತ್ರಿ ಒಂದು ಗಂಟೆಗೆ ಒಬ್ಬರೇ ಎದ್ದು ಕೂತರೆ ಆ ಹೊತ್ತಿನ ಒಂಟಿತನ ಎಲ್ಲಕ್ಕಿಂತ ಕೆಟ್ಟದ್ದು. ಮಧ್ಯಾಹ್ನ ಮೂರಕ್ಕೆ ಕೊನೆಯ ಕಾಫಿ ಕುಡಿಯಿರಿ. ಆಮೇಲೆ ಮಜ್ಜಿಗೆ, ಜೀರಿಗೆ ಕಷಾಯ, ಶುಂಠಿ ಬೆಲ್ಲದ ನೀರು.

ದಾರಿ ಮತ್ತು ದುಡ್ಡು

ಇದು ಸಣ್ಣ ವಿಚಾರ, ಬೇಗ ಮುಗಿಸುತ್ತೇನೆ. ಬಾರ್ ಮುಂದೆ ಹಾದುಹೋಗುವ ದಾರಿ ಮೂರು ತಿಂಗಳು ಬೇಡ. ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಬಟವಾಡೆ ದಿನ ಮನೆಯವರೊಬ್ಬರು ಜೊತೆಗಿರಲಿ, ಸಂತೆ ಅಲ್ಲೇ ಮುಗಿದುಹೋಗಲಿ. ಫೋನ್ ಪೇ ಇರುವ ಖಾತೆಯಲ್ಲಿ ಜಾಸ್ತಿ ದುಡ್ಡು ಇಡಬೇಡಿ. ಮನೆಯಲ್ಲಿ ನೆಂಟರಿಗೆ ಅಂತ ಇಟ್ಟ ಬಾಟಲಿ ಇದ್ದರೆ ಅದನ್ನು ನೀವೇ ಎಸೆಯಲು ಹೋಗಬೇಡಿ, ಬೇರೆಯವರಿಗೆ ಹೇಳಿ.

ನಿಮಗಾಗಿ ಕಾಯುವ ಒಂದು ಜಾಗ

ಟಿವಿ ಮತ್ತು ಮೊಬೈಲಿನಿಂದ ಇದು ಆಗುವುದಿಲ್ಲ. ಮೂರು ಗಂಟೆ ರೀಲ್ಸ್ ನೋಡಿದರೂ ನೀವು ಎದ್ದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರೇ ವಾಕಿಂಗ್ ಹೋಗುವುದು ಮೈಗೆ ಒಳ್ಳೆಯದು, ಮನಸ್ಸಿಗೆ ಅಷ್ಟಕ್ಕಷ್ಟೆ. ಹಾಸನದ ಮಹಾರಾಜ ಪಾರ್ಕಿನಲ್ಲೋ ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲೋ ನಡೆಯುವುದಾದರೆ ದಿನಾ ಅದೇ ಹೊತ್ತಿಗೆ ಹೋಗಿ. ಹತ್ತು ದಿನದಲ್ಲಿ ಅಲ್ಲಿಗೆ ಬರುವ ನಾಲ್ಕು ಮುಖ ಪರಿಚಯವಾಗುತ್ತದೆ. ನೀವೇ ಮೊದಲು ನಮಸ್ಕಾರ ಹೇಳಿ. ಹದಿನೈದನೇ ದಿನಕ್ಕೆ ಜೊತೆಯಲ್ಲಿ ಒಂದು ಸುತ್ತು ಆಗುತ್ತದೆ.

ಹಳ್ಳಿಯಲ್ಲಿರುವವರಿಗೆ ಇದು ಇನ್ನೂ ಸುಲಭ, ಯಾಕೆಂದರೆ ಡೈರಿ ಇದೆ. ಬೆಳಗ್ಗೆ ಸಂಜೆ ಎರಡು ಹೊತ್ತೂ ಊರೇ ಕ್ಯಾನ್ ಹಿಡಿದು ಬರುತ್ತದೆ. ಮೊದಲು ನೀವು ಹಾಲು ಹಾಕಿ ಹಾಗೇ ಪೇಟೆಗೆ ಹೋಗುತ್ತಿದ್ದಿರಿ. ಈಗ ಅರ್ಧ ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತುಕೊಳ್ಳಿ. ವಯಸ್ಸಾದವರ ಕ್ಯಾನ್ ಎತ್ತಿಕೊಡಿ, ಅವರ ಮನೆವರೆಗೆ ನಡೆದು ಹೋಗಿ. ಕೆಲವು ದಿನಕ್ಕೆ ಆ ಅಜ್ಜಿ "ಎಲ್ಲೋ ಮಗ, ಇವತ್ತು ತಡವಾಯ್ತಲ್ಲ" ಅಂತ ಕೇಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ಆಲೂರು ಕಡೆಯವರು. ಅವರು ಎಣ್ಣೆಯಿಂದ ದೂರ ಉಳಿದದ್ದೇ ಇಂಥ ಒಂದು ಅಜ್ಜಿಯ ದೆಸೆಯಿಂದ. ಅಜ್ಜಿಗೆ ಅದು ಇವತ್ತಿಗೂ ಗೊತ್ತಿಲ್ಲ.

ಮಲೆನಾಡಿನ ಊರುಗಳಲ್ಲಿ ಸಂಜೆ ವಾಲಿಬಾಲ್ ಇರುತ್ತದೆ. ಆಡಲು ಆಗದವರು ಸ್ಕೋರ್ ಬರೆಯಬಹುದು, ನೆಟ್ ಕಟ್ಟಬಹುದು. ಆದರೆ ಆಟ ಮುಗಿದ ಮೇಲೆ ಆ ಗುಂಪು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಕೆಲವು ಕಡೆ ವಾಲಿಬಾಲ್ ಒಂದು ನೆಪ ಅಷ್ಟೆ.

ಭಜನೆ ಮಂಡಳಿ ಬಹಳ ಜನಕ್ಕೆ ಹೊಂದುತ್ತದೆ. ದೇವರ ಮೇಲೆ ನಂಬಿಕೆ ಇಲ್ಲದವರಿಗೂ ತಾಳ ಹಾಕಲು ಅಡ್ಡಿ ಇಲ್ಲ. ವಾರದ ಒಂದು ನಿಗದಿ ದಿನ, ನಿಗದಿ ಹೊತ್ತು, ಕೈಗೆ ಒಂದು ಕೆಲಸ, ಕೊನೆಗೆ ಚರುಪು ಮತ್ತು ಒಂದಿಷ್ಟು ಹರಟೆ. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದ ಅಭ್ಯಾಸಕ್ಕೆ ಹೋಗಿ ಕೂರುವವರಿದ್ದಾರೆ. ಪೇಟೆಯಲ್ಲಿ ಗ್ರಂಥಾಲಯ ಇದೆ, ಆದರೆ ಅದು ಮಾತಿಲ್ಲದ ಜಾಗ. ಮೊದಲ ತಿಂಗಳಿಗೆ ಅಷ್ಟೇನೂ ಉಪಯೋಗವಿಲ್ಲ ಅಂತ ನನಗನ್ನಿಸುತ್ತದೆ.

ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನಿಮಗೆ ಕಾಡುವ ಹೊತ್ತಿನಲ್ಲೇ ನಡೆಯುತ್ತದಾ? ಅಲ್ಲಿ ನಿಮಗೆ ಒಂದು ಕೆಲಸ ಇದೆಯಾ? ಬರದಿದ್ದರೆ ಯಾರಾದರೂ ಫೋನ್ ಮಾಡುತ್ತಾರಾ? ಮೂರಕ್ಕೂ ಹೌದು ಅನ್ನುವ ಒಂದೇ ಜಾಗ ಸಿಕ್ಕರೂ ಸಾಕು, ಐದು ಹವ್ಯಾಸ ಬೇಡ.

ಬಿಟ್ಟವರ ನಡುವೆ ಹೋಗಿ ಕೂತುಕೊಳ್ಳಿ

ಎಎ ಹುಟ್ಟಿದ್ದೇ ಇಂಥ ಒಂದು ಒಂಟಿ ಸಂಜೆಯಿಂದ. 1935ರ ಮೇ ತಿಂಗಳು. ಕುಡಿತ ಬಿಟ್ಟು ಸುಮಾರು ಐದು ತಿಂಗಳಾಗಿದ್ದ ಬಿಲ್ ವಿಲ್ಸನ್ ಅಮೆರಿಕದ ಆ್ಯಕ್ರನ್ ಎಂಬ ಊರಿಗೆ ಬಂದಿದ್ದರು. ಬಂದ ವ್ಯವಹಾರ ಕೈಕೊಟ್ಟಿತ್ತು. ಹೋಟೆಲಿನಲ್ಲಿ ಒಬ್ಬರೇ, ಪಕ್ಕದಲ್ಲೇ ಬಾರ್, ಒಳಗಿಂದ ನಗು, ಗದ್ದಲ. ಅವರು ಬಾರಿಗೆ ಹೋಗದೆ ಫೋನ್ ಎತ್ತಿಕೊಂಡು, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಹುಡುಕಿದರು. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್. ಆ ಡಾಕ್ಟರ್ ಕೊನೆಯ ಸಲ ಕುಡಿದ ದಿನವನ್ನೇ, ಅಂದರೆ 1935ರ ಜೂನ್ 10ನ್ನೇ, ಎಎ ಶುರುವಾದ ದಿನ ಅಂತ ಎಣಿಸುತ್ತಾರೆ.

ಇವತ್ತಿಗೂ ಮೀಟಿಂಗ್ ಅಂದರೆ ಅಷ್ಟೇ. ಫೀಸು ಇಲ್ಲ, ಅರ್ಜಿ ಇಲ್ಲ, ಜಾತಿ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಆಯಿತು. ಕುರ್ಚಿಗಳು, ಟೀ, ಒಬ್ಬೊಬ್ಬರಾಗಿ ತಮ್ಮ ಕಥೆ. ಹೆಸರಷ್ಟೇ ಹೇಳಿದರೆ ಸಾಕು. ಮೊದಲ ದಿನ ಸುಮ್ನೆ ಕೇಳಿಸಿಕೊಂಡು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಬರುವಾಗ ಒಬ್ಬರ ನಂಬರ್ ತೆಗೆದುಕೊಂಡು ಬನ್ನಿ, ಅದೇ ಆ ದಿನದ ಕೆಲಸ.

ನಮ್ಮ ಎರಡೂ ಜಿಲ್ಲೆಯವರಿಗೆ ಇನ್ನೊಂದು ದಾರಿ ಚೆನ್ನಾಗಿ ಗೊತ್ತು, ಮದ್ಯವರ್ಜನ ಶಿಬಿರ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ, ಸಾಮಾನ್ಯವಾಗಿ ಎಂಟು ದಿನದ ಶಿಬಿರ. ಮುಗಿಸಿ ಬಂದವರನ್ನು ನವಜೀವನ ಸದಸ್ಯರು ಅನ್ನುತ್ತಾರೆ, ಅವರದ್ದೇ ನವಜೀವನ ಸಮಿತಿ ಇರುತ್ತದೆ. ಜನ ಎಂಟು ದಿನದ ಬಗ್ಗೆ ಹೇಳಿಕೊಂಡು ತಿರುಗುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಬೆಲೆ ಇರುವುದು ಒಂಬತ್ತನೇ ದಿನದ ನಂತರದ ಸಮಿತಿ ಸಭೆಗೆ. ಶಿಬಿರ ಮುಗಿಸಿ ಸಭೆಗೆ ಹೋಗದವರೇ ಒಂಟಿಯಾಗುವುದು. ನಿಮ್ಮೂರಿನ ಧರ್ಮಸ್ಥಳ ಸಂಘದ ಹೆಂಗಸರನ್ನು ಕೇಳಿದರೆ ಸಭೆ ಎಲ್ಲಿ ಯಾವಾಗ ಅಂತ ಹೇಳುತ್ತಾರೆ.

ಊರವರು ನೋಡಿಬಿಟ್ಟರೆ ಅನ್ನುವ ನಾಚಿಕೆ ಬಹಳ ಜನಕ್ಕೆ ಇದೆ. ಕುಡಿದು ಮೋರಿಯಲ್ಲಿ ಬಿದ್ದದ್ದನ್ನು ನೋಡಿದವರೇ ಅವರೆಲ್ಲ, ಅಲ್ವಾ? ಆದರೂ ಮುಜುಗರ ಆದರೆ ಹಾಸನದವರು ಚಿಕ್ಕಮಗಳೂರಿಗೆ, ಅಲ್ಲಿಯವರು ಇಲ್ಲಿಗೆ ಬರಬಹುದು. ಬೇಲೂರಿನ ಮೇಲೆ ಬಸ್ಸು ಬೇಕಾದಷ್ಟಿದೆ. ಆನ್‌ಲೈನ್ ಮೀಟಿಂಗ್‌ಗಳೂ ನಡೆಯುತ್ತವೆ. ಬೀಗ ಹಾಕಿ ಕೂಡಿಹಾಕುವ, ಹೊಡೆಯುವ ಖಾಸಗಿ ಕೇಂದ್ರಗಳಿಂದ ಮಾತ್ರ ದೂರ ಇರಿ. ಸೇರಿಸುವ ಮುಂಚೆ ಡಾಕ್ಟರ್ ಇದ್ದಾರಾ, ಮನೆಯವರು ಬಂದು ನೋಡಬಹುದಾ ಅಂತ ಕೇಳಿ.

ಹೆಂಗಸರಿಗೆ ಈ ದಾರಿಗಳಲ್ಲಿ ಅರ್ಧ ಮುಚ್ಚಿವೆ. ತೋಟದ ಲೈನ್ ಮನೆಗಳಲ್ಲಿ ಕುಡಿಯುವ ಹೆಂಗಸರೂ ಇದ್ದಾರೆ, ಪೇಟೆಯ ಮನೆಗಳಲ್ಲೂ ಇದ್ದಾರೆ, ಬಿಟ್ಟರೂ ಹೇಳಿಕೊಳ್ಳಲು ಜಾಗವಿಲ್ಲ. ನಂಬುವ ಒಬ್ಬ ಗೆಳತಿ, ಊರಿನ ಆಶಾ ಕಾರ್ಯಕರ್ತೆ ಅಥವಾ ಫೋನಿನ ಸಹಾಯದಿಂದ ಶುರು ಮಾಡಿ. 14416 ಅನ್ನುವುದು ಟೆಲಿ ಮಾನಸ್ ನಂಬರ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ಇಟ್ಟಿರುವ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಳೆ ಗೆಳೆಯರನ್ನು ಏನು ಮಾಡೋದು?

ಎಲ್ಲರನ್ನೂ ಬಿಟ್ಟುಬಿಡಿ ಅಂತ ಹೇಳುವುದು ಸುಲಭ. ಚಡ್ಡಿ ಹಾಕುವ ಕಾಲದಿಂದ ಜೊತೆಗಿದ್ದವರನ್ನು ಬಿಡೋದು ಹೇಗೆ? ಅವರನ್ನು ಬೆಳಗ್ಗೆ ಭೇಟಿ ಮಾಡಿ. ಎಂಟು ಗಂಟೆಗೆ ಹೋಟೆಲಿನಲ್ಲಿ ಖಾಲಿ ದೋಸೆಗೆ ಕರೆಯಿರಿ. ಬಂದು ಕೂತು ಮಾತಾಡುವವರು ಗೆಳೆಯರು. ನಾಲ್ಕು ಸಲ ಕರೆದರೂ ಬಾರದವರ ಜೊತೆ ಇದ್ದದ್ದು ಗ್ಲಾಸಿನ ಸಂಬಂಧ. ಅದು ಗೊತ್ತಾದಾಗ ನೋವಾಗುತ್ತದೆ, ಯಾರೋ ತೀರಿಕೊಂಡಷ್ಟೇ ಆಗುತ್ತದೆ. ಆ ನೋವನ್ನು ನಾಟಕ ಅಂತ ತಳ್ಳಿಹಾಕಬೇಡಿ, ಮೀಟಿಂಗಿನಲ್ಲಿ ಹೇಳಿಕೊಳ್ಳಿ.

"ಏನ್ಲಾ, ದೊಡ್ಡ ಮನುಷ್ಯ ಆಗ್ಬಿಟ್ಟೆ?" ಅಂತ ಯಾರಾದರೂ ಅಂದೇ ಅನ್ನುತ್ತಾರೆ. "ಬರೀ ಒಂದ್ ನೈಂಟಿ ಕಣೋ, ಏನಾಗಲ್ಲ." ಇದಕ್ಕೆ ಉದ್ದ ಉತ್ತರ ಬೇಡ. "ಇಲ್ಲ ಕಣೋ, ಬಿಟ್ಟಿದ್ದೀನಿ. ನಂಗೊಂದು ಸೋಡಾ ಹೇಳು." ದೊಡ್ಡವರಾದರೆ "ಬೇಡ ಮಾವ, ಬಿಟ್ಟಿದ್ದೀನಿ." ಕಾರಣ ಹೇಳಲು ಹೋದರೆ ವಾದ ಶುರುವಾಗುತ್ತದೆ. ಮಾತ್ರೆ ನುಂಗುತ್ತಿದ್ದೇನೆ ಅಂತ ಸುಳ್ಳು ಹೇಳಿದರೆ ಮಾತ್ರೆ ಯಾವಾಗ ಮುಗಿಯುತ್ತದೆ ಅಂತ ಕೇಳುತ್ತಾರೆ.

ಬೀಗರೂಟ, ಜಾತ್ರೆ, ಮಾರ್ನಮಿ ಎಡೆ

ವರ್ಷದಲ್ಲಿ ಅತಿ ಹೆಚ್ಚು ಒಂಟಿತನ ಕಾಡುವುದು ಜನ ತುಂಬಿರುವ ಕಡೆಯೇ. ಬೀಗರೂಟಕ್ಕೆ ಹೋಗದೆ ಇರಲು ಆಗುವುದಿಲ್ಲ. ಹೋದರೆ ಶಾಮಿಯಾನದ ಹಿಂದೆ, ಕಾರಿನ ಡಿಕ್ಕಿ ಹತ್ತಿರ ಒಂದು ಗುಂಪು ನಿಂತಿರುತ್ತದೆ. ಊಟಕ್ಕೆ ಕರೆಯುವ ಮುಂಚಿನ ಆ ಒಂದು ಗಂಟೆಯೇ ಕಷ್ಟ.

ಆ ಒಂದು ಗಂಟೆ ಬಡಿಸುವ ಕಡೆ ಸೇರಿಕೊಳ್ಳಿ. ಮುದ್ದೆ ಬುಟ್ಟಿಯೋ ಸಾರಿನ ಬಕೆಟ್ಟೋ ಕೈಯಲ್ಲಿದ್ದವರ ಕೈಗೆ ಯಾರೂ ಗ್ಲಾಸು ಕೊಡುವುದಿಲ್ಲ. ಜೊತೆಗೆ ಎಲ್ಲರನ್ನೂ ಮಾತಾಡಿಸಿದ ಹಾಗೂ ಆಗುತ್ತದೆ. ಅದು ಆಗದಿದ್ದರೆ ಮೊದಲ ಪಂಕ್ತಿಯಲ್ಲೇ ಕೂತು ಉಂಡು, ಮುಯ್ಯಿ ಕೊಟ್ಟು ಹೊರಡಿ. ಹೋಗುವುದು ನಿಮ್ಮದೇ ಬೈಕಿನಲ್ಲಿ. ಬೇರೆಯವರ ಕಾರಿನಲ್ಲಿ ಹೋದರೆ ಅವರು ಏಳುವವರೆಗೆ ನೀವೂ ಅಲ್ಲೇ. ಜಾತ್ರೆ, ಊರ ಹಬ್ಬಕ್ಕೂ ಇದೇ ದಾರಿ: ದೇವರ ಅಡ್ಡೆ ಹೊರುವುದೋ, ದೀಪದ ಕೆಲಸವೋ, ಏನಾದರೂ ಒಂದು ಹೊಣೆಯನ್ನು ವಾರದ ಮುಂಚೆಯೇ ಕೇಳಿ ತೆಗೆದುಕೊಳ್ಳಿ.

ಪಿತೃಪಕ್ಷದ ಎಡೆ ಇನ್ನೂ ಸೂಕ್ಷ್ಮ. ತೀರಿಹೋದ ಅಪ್ಪನಿಗೆ ಇಷ್ಟ ಅಂತ ಮಾಂಸದೂಟದ ಪಕ್ಕ ಒಂದು ಕ್ವಾರ್ಟರ್ ಇಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಎಡೆ ಆದ ಮೇಲೆ ಆ ಬಾಟಲಿ ಮನೆಯ ಗಂಡಸರಿಗೆ ಪ್ರಸಾದ. ಬೇಡ ಅಂದರೆ ಅಪ್ಪನಿಗೇ ಅವಮಾನ ಅನ್ನುವ ಮಾತು ಬರುತ್ತದೆ. ಅಣ್ಣ ತಮ್ಮಂದಿರ ಹತ್ತಿರ ಹಬ್ಬಕ್ಕೆ ಮುಂಚೆಯೇ ಮಾತಾಡಿ. ಇಡುವುದೇ ಬೇಡ ಅನ್ನಲು ಆದರೆ ಒಳ್ಳೆಯದು. ಆಗದಿದ್ದರೆ ಎಡೆ ತೆಗೆಯುವವರು ಯಾರು, ಬಾಟಲಿ ಯಾರ ಮನೆಗೆ ಹೋಗುತ್ತದೆ ಅಂತ ಮೊದಲೇ ತೀರ್ಮಾನ ಆಗಲಿ. ಪೂಜೆ ಮುಗಿದ ಕೂಡಲೇ ನೀವು ಮಕ್ಕಳನ್ನು ಕರೆದುಕೊಂಡು ಎಲೆ ಹಾಕಲು ಎದ್ದುಬಿಡಿ.

ಮನೆಯೊಳಗೇ ಒಂಟಿ

ಬಿಟ್ಟು ಬಂದರೆ ಮನೆಯವರು ಆರತಿ ಎತ್ತುತ್ತಾರೆ ಅಂತ ಅಂದುಕೊಂಡಿರುತ್ತೇವೆ. ನೀವಿಲ್ಲದೆ ಸಂಜೆ ಕಳೆಯುವುದನ್ನು ಅವರು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದಾರೆ. ಈಗ ನೀವು ಏಳು ಗಂಟೆಗೇ ಬಂದು ಹಾಲ್‌ನಲ್ಲಿ ಕೂತರೆ ಮಕ್ಕಳು ರೂಮಿಗೆ ಹೋಗುತ್ತಾರೆ. ಹೆಂಡತಿ ಹತ್ತಿರ ಬಂದಾಗ ಮಾತಿಗಿಂತ ಮೊದಲು ಬಾಯಿ ವಾಸನೆ ನೋಡುತ್ತಾಳೆ. ಸಿಟ್ಟು ಮಾಡಿಕೊಳ್ಳಬೇಡಿ, ಅವಳು ನಂಬಿ ಕೆಟ್ಟಿದ್ದಾಳೆ. ಪ್ರಮಾಣ ಮಾಡುವುದು, ಭಾಷಣ ಮಾಡುವುದು ಬಿಟ್ಟು ದಿನಾ ಅದೇ ಹೊತ್ತಿಗೆ ಮಾಡುವ ಒಂದು ಸಣ್ಣ ಕೆಲಸ ಹಿಡಿಯಿರಿ. ಮಗಳನ್ನು ಟ್ಯೂಷನ್ನಿಂದ ಕರೆತರುವುದು, ರಾತ್ರಿ ಪಾತ್ರೆ ತೊಳೆಯುವುದು, ಹಸುವಿಗೆ ಹುಲ್ಲು ಹಾಕುವುದು. ಆರು ತಿಂಗಳು ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮನೆಯವರಿಗೂ ಅಲನಾನ್ ಎಂಬ ಬೇರೆ ಗುಂಪು ಇದೆ.

ಮನೆಯವರು ಓದುತ್ತಿದ್ದರೆ ಒಂದು ಮಾತು. ಕುಡಿತ ಬಿಡಿಸುವ ಪುಡಿ ಅಂತ ಸಾರಿಗೆ ಗುಟ್ಟಾಗಿ ಬೆರೆಸಬೇಡಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ, ಕುಡಿತ ಬಿಡಿಸಲು ಕೊಡುವ ಔಷಧಿ ಇರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಎದೆ ಬಡಿತ ಏರಿ, ಬಿಪಿ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಆ ಮಾತ್ರೆ ನುಂಗುವವರಿಗೆ ಗೊತ್ತಿದ್ದು, ಡಾಕ್ಟರ್ ನೋಡಿಕೊಳ್ಳುತ್ತಿದ್ದರೆ ಮಾತ್ರ ಸರಿ.

ಜೂನ್ ಬರುವ ಮುಂಚೆ

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಒಂಟಿ ತೋಟದ ಮನೆಯಲ್ಲಿ ಇರುವವರಿಗೆ ಮಳೆಗಾಲ ದೊಡ್ಡ ಪರೀಕ್ಷೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮೂರು ದಿನ ಯಾರ ಮುಖವೂ ಕಾಣುವುದಿಲ್ಲ. "ಚಳಿಗೆ ಒಂದು ಪೆಗ್" ಅನ್ನುವ ಹಳೆ ಮಾತು ಆಗಲೇ ನೆನಪಾಗುವುದು. ಎಣ್ಣೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬಿಸಿ ಆದ ಹಾಗೆ ಅನ್ನಿಸುತ್ತದೆ. ನಿಜಕ್ಕೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮೇ ತಿಂಗಳಲ್ಲೇ ತಯಾರಿ ಮಾಡಿ: ಬ್ಯಾಟರಿ ರೇಡಿಯೋ, ಚಾರ್ಜ್ ಆಗುವ ಲೈಟು, ಪವರ್ ಬ್ಯಾಂಕು, ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದ ಐದು ನಂಬರ್. ಪಕ್ಕದ ತೋಟದವರ ಜೊತೆ ಒಪ್ಪಂದ ಇರಲಿ. ದಿನಾ ರಾತ್ರಿ ಎಂಟಕ್ಕೆ ಒಂದು ಮಿಸ್ಡ್ ಕಾಲ್, ಬರದಿದ್ದರೆ ಬೆಳಗ್ಗೆ ಬಂದು ನೋಡುವುದು. ಜೋರು ಮಳೆಯ ಎರಡು ತಿಂಗಳು ಪೇಟೆಯ ನೆಂಟರ ಮನೆಯಲ್ಲಿ ಇರಲು ಆದರೆ ಇನ್ನೂ ವಾಸಿ.

ಜಾರಿದರೆ, ಅಥವಾ ಮನಸ್ಸು ಕುಸಿದರೆ

ಒಂದು ದಿನ ಕುಡಿದುಬಿಟ್ಟರೆ ಆ ರಾತ್ರಿಯೇ ಯಾರಿಗಾದರೂ ಹೇಳಿ. ಮುಚ್ಚಿಟ್ಟುಕೊಂಡು ಒಬ್ಬರೇ ಕೂತರೆ ಮರುದಿನವೂ ಕುಡಿಯುವುದೇ ಆಗುತ್ತದೆ. ಬಿಟ್ಟು ಬಹಳ ದಿನವಾಗಿದ್ದರೆ ಹಳೆಯ ಅಳತೆಯನ್ನು ಮೈ ತಡೆಯುವುದಿಲ್ಲ ಅನ್ನುವುದು ನೆನಪಿರಲಿ.

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ, ಬೆಳಗಿನ ಜಾವವೇ ಎಚ್ಚರವಾಗಿ ಅಳು ಬರುತ್ತದೆ ಅಂದರೆ ಅದು ಖಿನ್ನತೆ ಇರಬಹುದು. ಭಜನೆ, ವಾಲಿಬಾಲಿನಿಂದ ಅದು ಹೋಗುವುದಿಲ್ಲ. ಸಾಯಬೇಕು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ 14416ಕ್ಕೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅದರ ಬೀಗದ ಕೈ ಬೇರೆಯವರ ಹತ್ತಿರ ಇರಲಿ.

ಹಾಸನದಲ್ಲಿ ಹಿಮ್ಸ್ ಬೋಧನಾ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇವೆ, ಮನೋವೈದ್ಯರ ವಿಭಾಗ ಕೇಳಿಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಗಾದರೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಮೊದಲೇ ವಿಚಾರಿಸಿ. ಎಣ್ಣೆಯ ಆಸೆ ಕಡಿಮೆ ಮಾಡುವ ಮಾತ್ರೆಗಳೂ ಇವೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ ನೋಡಿ ಯಾವುದು ಹೊಂದುತ್ತದೆ ಅಂತ ಡಾಕ್ಟರ್ ಹೇಳುತ್ತಾರೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಹಳೆ ರಿಪೋರ್ಟು, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಎಷ್ಟು ಕುಡಿಯುತ್ತಿದ್ದಿರಿ ಅಂತ ಕೇಳಿದಾಗ "ಸ್ವಲ್ಪ ಸರ್" ಅನ್ನಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ವರ್ಷ, ಕೊನೆಯ ಸಲ ಯಾವಾಗ, ಅಷ್ಟನ್ನೂ ಬಿಡಿಸಿ ಹೇಳಿ. ಕೊಡುವ ಔಷಧಿಯ ಲೆಕ್ಕ ಅದರ ಮೇಲೇ ನಿಂತಿರುತ್ತದೆ.